'ಅಕಾ' ಅಂದರೆ ಅಕ್ಕ ಅಲ್ಲ: ಮೂರು ಭಾಷೆಗಳ ನಂಟಿನ ಪದಗಳು

ಉಜ್ಬೆಕ್ ಕಲಿಯುವ ಕನ್ನಡಿಗರು ಮೊದಲು ಎಡವುವುದು 'ಅಕಾ' ಎಂಬ ಪದದಲ್ಲಿ. ಕಿವಿಗೆ ಅಕ್ಕ ಅಂತಲೇ ಬೀಳುತ್ತದೆ. ಅರ್ಥ ಮಾತ್ರ ಅಣ್ಣ! 'ಅಮ್ಮಾ' ಅಂದರೆ ಸೋದರತ್ತೆ. ತಾಯಿಗೆ 'ಓನಾ'. ಇವನ್ನು ಮೊದಲ ದಿನವೇ ಬಾಯಿಪಾಠ ಮಾಡಿಕೊಳ್ಳಿ.

ಈಗ ಇಂಗ್ಲಿಷಿನ ಒಂದು ವಾಕ್ಯ ಹಿಡಿಯೋಣ: 'ಮೈ ಬ್ರದರ್ ಕಾಲ್ಡ್ ಮೈ ಆಂಟ್.' ರಷ್ಯನ್‌ಗೆ ತರುವುದು ಸಲೀಸು. ಬ್ರದರ್‌ಗೆ 'ಬ್ರಾತ್', ಆಂಟ್‌ಗೆ 'ತ್ಯೋತ್ಯಾ'. ಉಜ್ಬೆಕ್‌ಗೆ ಬಂದಾಗ ಪೆನ್ನು ನಿಂತುಬಿಡುತ್ತದೆ. ಫೋನ್ ಮಾಡಿದ್ದು ಅಣ್ಣನೋ, ತಮ್ಮನೋ? ಅಣ್ಣನಾದರೆ 'ಅಕಾಮ್', ತಮ್ಮನಾದರೆ 'ಉಕಾಮ್'. ಕೊನೆಯ 'ಮ್' ಅಂದರೆ 'ನನ್ನ'. ಆ ಆಂಟ್ ಅಪ್ಪನ ಒಡಹುಟ್ಟಿದವರಾದರೆ 'ಅಮ್ಮಾಮ್', ಅಮ್ಮನ ಒಡಹುಟ್ಟಿದವರಾದರೆ 'ಖೋಲಾಮ್'. ಒಂದು ವಾಕ್ಯ ನಾಲ್ಕಾಯಿತು, ಅಲ್ವಾ? ಅಕ್ಕ 'ಓಪಾ', ತಂಗಿ 'ಸಿಂಗಿಲ್'. ಸೋದರಮಾವ 'ತೋಗಾ'. ಆದರೆ ದೊಡ್ಡಪ್ಪ, ಚಿಕ್ಕಪ್ಪ ಇಬ್ಬರೂ 'ಅಮಾಕಿ'. ಆ ಭೇದ ಅಲ್ಲಿಲ್ಲ.

ಹಾಗಂತ ರಷ್ಯನ್ ಬಡವಾಯಿತು ಅನ್ನಬೇಡಿ. ಅದರ ಸಿರಿ ಇರುವುದು ಮದುವೆಯಿಂದ ಬಂದ ನಂಟಿನಲ್ಲಿ. ಗಂಡನ ತಾಯಿ 'ಸ್ವೆಕ್ರೋವ್', ಹೆಂಡತಿಯ ತಾಯಿ 'ತ್ಯೋಶ್ಚಾ'. ಉಜ್ಬೆಕ್‌ನಲ್ಲಿ ಇಬ್ಬರಿಗೂ 'ಕಾಯ್ನೋನಾ'. ಇಂಗ್ಲಿಷ್‌ನ 'ಬ್ರದರ್ ಇನ್ ಲಾ' ಒಂದನ್ನೇ ನೋಡಿ: ಗಂಡನ ಒಡಹುಟ್ಟಿದವನು 'ದೇವೆರ್', ಹೆಂಡತಿಯ ಒಡಹುಟ್ಟಿದವನು 'ಶುರಿನ್', ಅಕ್ಕ ತಂಗಿಯ ಗಂಡ 'ಜ್ಯಾತ್', ಷಡ್ಡಕ 'ಸ್ವೊಯಾಕ್'. ಷಡ್ಡಕನಿಗೆ ಉಜ್ಬೆಕ್‌ನಲ್ಲೂ ಪದವಿದೆ, 'ಬೋಜಾ'. ನನಗೆ ತುಂಬಾ ಇಷ್ಟವಾದ ಜೋಡಿ ಇದು. ನಮಗಂತೂ ಅರ್ಥ ವಿವರಿಸುವ ಕೆಲಸವೇ ಇಲ್ಲ. ಈಗಿನ ರಷ್ಯನ್ನರಲ್ಲಿ ಹಲವರು ಈ ಪದಗಳನ್ನು ಬಿಟ್ಟು, ಸುಮ್ನೆ 'ಗಂಡನ ತಮ್ಮ' ಅನ್ನುವ ಹಾಗೆ ಬಿಡಿಸಿ ಹೇಳುತ್ತಾರೆ.

ಇಂಗ್ಲಿಷ್‌ಗೂ ಹಿಂದೆ ಈ ಭೇದಗಳಿದ್ದವು. ಹಳೆಯ ಇಂಗ್ಲಿಷಿನಲ್ಲಿ ಅಪ್ಪನ ಅಣ್ಣ ತಮ್ಮಂದಿರಿಗೊಂದು, ಅಮ್ಮನ ಅಣ್ಣ ತಮ್ಮಂದಿರಿಗೊಂದು ಪದ ಇತ್ತು. ಆಮೇಲೆ ಫ್ರೆಂಚ್ ಮೂಲಕ 'ಅಂಕಲ್' ಬಂದು ಎರಡನ್ನೂ ನುಂಗಿತು. ಅದರ ಲ್ಯಾಟಿನ್ ಮೂಲ 'ಅವುಂಕುಲುಸ್'ಗೆ ಸೋದರಮಾವ ಎಂದೇ ಅರ್ಥ.

ಅನುವಾದ ಮಾಡುವವರಿಗೆ ಒಂದು ಮಾತು. ಉಜ್ಬೆಕರು ತಮಗಿಂತ ದೊಡ್ಡ ಗಂಡಸರ ಹೆಸರಿಗೂ 'ಅಕಾ' ಸೇರಿಸುತ್ತಾರೆ: 'ರುಸ್ತಮ್ ಅಕಾ'. ರಷ್ಯನ್ ಬರಹದಲ್ಲಿ ಅದನ್ನು ಹಾಗೇ ಉಳಿಸಿಕೊಳ್ಳುವುದು ಜಾಸ್ತಿ. ಇಂಗ್ಲಿಷಿನಲ್ಲಿ 'ಬ್ರದರ್ ರುಸ್ತಮ್' ಅಂದರೆ ಯಾರೋ ಕ್ರೈಸ್ತ ಸನ್ಯಾಸಿ ಅನ್ನಿಸುತ್ತದೆ. ಕನ್ನಡದಲ್ಲಿ ಮಾತ್ರ ಸಲೀಸು: ರುಸ್ತಮಣ್ಣ.