ಒತ್ತಕ್ಷರ ಸರಿಯಾಗಿ ಕಂಡ ಬ್ರೌಸರೇ ನಮ್ಮದು

2006–07ರ ಹೊತ್ತಿಗೆ ಕನ್ನಡದಲ್ಲಿ ಬ್ಲಾಗ್ ಬರೆಯುತ್ತಿದ್ದವರಿಗೆ ಓದುಗರಿಂದ ಆಗಾಗ ಒಂದು ಕೋರಿಕೆ ಬರುತ್ತಿತ್ತು. ದಯವಿಟ್ಟು ಬರಹವನ್ನು ಜಸ್ಟಿಫೈ ಮಾಡಬೇಡಿ, ಓದಲು ಆಗುತ್ತಿಲ್ಲ ಅಂತ. ಬರೆದವರಿಗೆ ಇದು ಅರ್ಥವೇ ಆಗುತ್ತಿರಲಿಲ್ಲ. ಪುಸ್ತಕದ ಪುಟದ ಹಾಗೆ ಎರಡೂ ಅಂಚು ನೇರವಾಗಿರಲಿ ಅಂತ ಅವರು ಆ ಗುಂಡಿ ಒತ್ತಿದ್ದರು. ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಪುಟ ಚೆನ್ನಾಗಿಯೇ ಕಾಣುತ್ತಿತ್ತು. ವಿಂಡೋಸ್ ಮೇಲಿನ ಫೈರ್‌ಫಾಕ್ಸ್ 2ರಲ್ಲಿ ಮಾತ್ರ ಅದೇ ಪುಟ ಒಡೆದುಹೋಗಿರುತ್ತಿತ್ತು. ಒತ್ತಕ್ಷರಗಳು ಕಳಚಿಕೊಂಡು ಪಕ್ಕಕ್ಕೆ ಬಂದು ಕೂತಿರುತ್ತಿದ್ದವು. ಕೊಂಬು, ದೀರ್ಘಗಳು ತಮ್ಮ ಅಕ್ಷರ ಬಿಟ್ಟು ದೂರ ನಿಂತಿರುತ್ತಿದ್ದವು.

ಕಾರಣ ಇಷ್ಟೇ. ಅಂಚು ನೇರ ಮಾಡಬೇಕಾದರೆ ಸಾಲಿನ ಉದ್ದಕ್ಕೂ ಜಾಗ ಹಂಚಬೇಕು. ಹಾಗೆ ಹಂಚುವಾಗ ಆ ಬ್ರೌಸರ್ ಒಂದೊಂದು ಚಿಹ್ನೆಯನ್ನೂ ಬಿಡಿಯಾಗಿ ಎತ್ತಿ ಇಡುತ್ತಿತ್ತು. ಇಂಗ್ಲಿಷಿಗೆ ಇದರಿಂದ ಏನೂ ತೊಂದರೆ ಇಲ್ಲ. ಕನ್ನಡಕ್ಕೆ ಇದೆ. "ಸೂರ್ಯ" ಎಂಬ ಪದವನ್ನೇ ನೋಡಿ. ಕಂಪ್ಯೂಟರಿನ ಒಳಗೆ ರ ಮೊದಲು, ಯ ಆಮೇಲೆ. ತೆರೆಯ ಮೇಲೆ ಯ ಮೊದಲು ಬರಬೇಕು, ರ ಅರ್ಕಾವತ್ತಾಗಿ ಅದರ ಬಲಕ್ಕೆ ಹೋಗಬೇಕು. ಅಕ್ಷರಗಳನ್ನು ಹೀಗೆ ಕೂಡಿಸುವ ಕೆಲಸ ಆಗಿನ ವಿಂಡೋಸ್‌ನಲ್ಲಿ ಯೂನಿಸ್ಕ್ರೈಬ್ ಎಂಬ ತಂತ್ರಾಂಶದ್ದು. ಇಡೀ ಪದವನ್ನು ಅದರ ಕೈಗೆ ಕೊಟ್ಟರೆ ಕೂಡಿಸಿ ಕೊಡುತ್ತದೆ. ಬಿಡಿಬಿಡಿಯಾಗಿ ಕೊಟ್ಟರೆ ಅದಾದರೂ ಏನು ಮಾಡೀತು? 2008ರ ಜೂನ್‌ನಲ್ಲಿ ಫೈರ್‌ಫಾಕ್ಸ್ 3 ಬಂದಾಗ ಈ ತೊಂದರೆ ಹೋಯಿತು.

ಆದರೆ ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ತೀರ್ಮಾನ ಆಗಿಹೋಗಿತ್ತು. ಇಂಗ್ಲಿಷಿಗೆ ಯಾವುದಾದರೂ ಇರಲಿ, ಕನ್ನಡ ಓದಲು ಆ ನೀಲಿ "ಇ" ಗುರುತಿನದೇ ಬೇಕು. ಬ್ರೌಸರ್ ಬದಲಿಸದವರನ್ನು ಕಂಪ್ಯೂಟರ್ ಬಲ್ಲವರು ಹಟಮಾರಿಗಳು ಅನ್ನುವುದುಂಟು. ನನಗೆ ಹಾಗೆ ಅನಿಸುವುದಿಲ್ಲ. ಕಷ್ಟಪಟ್ಟು ಒಮ್ಮೆ ಸರಿ ಮಾಡಿಕೊಂಡದ್ದನ್ನು ಅವರು ಕಾಪಾಡಿಕೊಳ್ಳುತ್ತಿರುತ್ತಾರೆ. ಆ ಕಷ್ಟ ಎಂಥದ್ದು ಅನ್ನುವುದಕ್ಕೆ ಇನ್ನೂ ಹತ್ತು ವರ್ಷ ಹಿಂದಕ್ಕೆ ಹೋಗಬೇಕು.

ಜಗತ್ತಿನ ಭಾಷೆಗಳ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಕನ್ನಡ 1991ರಲ್ಲೇ ಸೇರಿತ್ತು. ಆದರೆ ಜನರ ಮೇಜಿನ ಮೇಲಿದ್ದ ವಿಂಡೋಸ್ 95, 98ಕ್ಕೆ ಕನ್ನಡ ಬರುತ್ತಿರಲಿಲ್ಲ. ಹಾಗಾಗಿ ಆಗಿನ ಕನ್ನಡ ತಾಣಗಳು ಬೇರೆ ದಾರಿ ಹಿಡಿದವು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಫಾಂಟ್ ಮಾಡಿಕೊಂಡವು. ಒಂದೊಂದು ಪತ್ರಿಕೆಗೆ ಒಂದೊಂದು ಫಾಂಟ್. ಆ ಫಾಂಟ್ ಇಲ್ಲದಿದ್ದರೆ ತೆರೆಯ ಮೇಲೆ ಬರುವುದು ಗೊಜಲು. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಫಾಂಟಿನಲ್ಲಿ ಟೈಪ್ ಮಾಡಿದ "ಕನ್ನಡ" ಎಂಬ ಪದ, ಫಾಂಟ್ ತೆಗೆದರೆ ಒಂದು ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟನ್ನಿನ ಪೌಂಡ್ ಗುರುತು, ಜರ್ಮನ್ ಭಾಷೆಯ ಒಂದು ಅಕ್ಷರ, ಕೊನೆಗೊಂದು ಕ್ಯೂ ಹೀಗೆಲ್ಲ ಕಾಣುತ್ತದೆ. ಹಳೆಯ ನುಡಿ ಕಡತ ತೆರೆದವರಿಗೆ ಇದು ಚೆನ್ನಾಗಿ ಗೊತ್ತು.

ಓದುಗರೆಲ್ಲ ಫಾಂಟ್ ಇಳಿಸಿಕೊಂಡು ಕೂರಲು ಆಗುತ್ತದೆಯೇ? ಅದಕ್ಕಾಗಿ ಬಂದದ್ದು ಡೈನಮಿಕ್ ಫಾಂಟ್. ಪುಟದ ಜೊತೆಗೇ ಫಾಂಟ್ ಕೂಡ ಬರುತ್ತದೆ, ಓದುಗರು ಏನೂ ಮಾಡಬೇಕಿಲ್ಲ. ಒಳ್ಳೆಯ ಉಪಾಯ. ತೊಡಕು ಏನೆಂದರೆ 1997ರಲ್ಲಿ ಇದನ್ನು ಎರಡು ಕಂಪನಿಗಳು ಎರಡು ರೀತಿ ಮಾಡಿದವು. ನೆಟ್‌ಸ್ಕೇಪ್ 4 ಎಂಬ ಬ್ರೌಸರಿನದು ಟ್ರೂಡಾಕ್ ಎಂಬ ವಿಧಾನ. ಇಂಟರ್‌ನೆಟ್ ಎಕ್ಸ್‌ಪ್ಲೋರರ್ 4ರದ್ದು ಇಒಟಿ ಎಂಬ ವಿಧಾನ. ಒಂದರ ಫಾಂಟ್ ಇನ್ನೊಂದಕ್ಕೆ ಹಿಡಿಸದು. ಆಮೇಲೆ ನೆಟ್‌ಸ್ಕೇಪ್ ಸೋತಿತು. 2002–03ರ ಹೊತ್ತಿಗೆ ಜಗತ್ತಿನಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಜಾಸ್ತಿ ಜನ ಬಳಸುತ್ತಿದ್ದದ್ದು ಇಂಟರ್‌ನೆಟ್ ಎಕ್ಸ್‌ಪ್ಲೋರರ್. ಅದರ ಆರನೇ ಆವೃತ್ತಿ 2001ರ ಆಗಸ್ಟ್‌ನಲ್ಲಿ ಬಂತು, ಏಳನೆಯದು 2006ರ ಅಕ್ಟೋಬರ್‌ನಲ್ಲಿ. ನಡುವೆ ಐದು ವರ್ಷ. ಅಷ್ಟೂ ದಿನ ತಾಣ ಕಟ್ಟುವವರು ಅದೊಂದನ್ನೇ ಅಳತೆ ಮಾಡಿಕೊಂಡರು. 2004ರ ನವೆಂಬರ್‌ನಲ್ಲಿ ಫೈರ್‌ಫಾಕ್ಸ್ 1.0 ಬಂದಾಗ ಅದಕ್ಕೆ ಇಒಟಿ ಗೊತ್ತಿರಲಿಲ್ಲ. ಅದರಲ್ಲಿ ಪತ್ರಿಕೆ ತೆರೆದರೆ ಮತ್ತೆ ಪೌಂಡ್ ಗುರುತು, ಗೀಟಿರುವ ಎ. ಹೊಸ ಬ್ರೌಸರ್ ಎಷ್ಟೇ ಚುರುಕಾಗಿರಲಿ, ಬೆಳಿಗ್ಗೆ ಎದ್ದು ಊರಿನ ಸುದ್ದಿ ಓದಲು ಆಗದಿದ್ದರೆ ಅಮೆರಿಕದಲ್ಲೋ ದುಬೈನಲ್ಲೋ ಕೂತ ಕನ್ನಡಿಗರು ಅದನ್ನು ಯಾಕೆ ಇಟ್ಟುಕೊಳ್ಳಬೇಕು, ಅಲ್ವಾ?

ವಿಂಡೋಸ್‌ಗೆ ಯೂನಿಕೋಡ್ ಕನ್ನಡ ಬಂದ ಮೇಲೂ ದಾರಿ ಸಲೀಸಾಗಿರಲಿಲ್ಲ. ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಫಾಂಟ್ ಇತ್ತು. ಆದರೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಭಾಷೆಗಳ ಸೆಟ್ಟಿಂಗ್ ಹುಡುಕಿ, ಕ್ಲಿಷ್ಟ ಲಿಪಿಗಳಿಗೆ ಬೆಂಬಲ ಬೇಕು ಅಂತ ಒಂದು ಟಿಕ್ ಹಾಕಬೇಕಿತ್ತು. ಹಾಕಿದ ಕೂಡಲೇ ವಿಂಡೋಸ್ ಸಿಡಿ ಕೇಳುತ್ತಿತ್ತು. ಮನೆಯಲ್ಲಿ ಆ ಸಿಡಿ ಎಷ್ಟು ಜನರ ಬಳಿ ಇತ್ತು? ಸೈಬರ್ ಸೆಂಟರ್‌ನಲ್ಲಿ ಕೂತವರಿಗಂತೂ ಸೆಟ್ಟಿಂಗ್ ಮುಟ್ಟುವ ಹಾಗೇ ಇರಲಿಲ್ಲ.

ಒಂದು ಕೊರತೆ ನೀಗಲು ಮಾಡಿದ ಉಪಾಯವೇ ಆಮೇಲೆ ಕಟ್ಟಿಹಾಕುವುದು ಕನ್ನಡಕ್ಕೆ ಮಾತ್ರ ಆದದ್ದಲ್ಲ. ದಕ್ಷಿಣ ಕೊರಿಯಾದಲ್ಲಿ ಇದು ಇನ್ನೂ ದೊಡ್ಡದಾಗಿ ನಡೆಯಿತು. 1990ರ ದಶಕದಲ್ಲಿ ಗಟ್ಟಿ ಗೂಢಲಿಪಿ ಇರುವ ಬ್ರೌಸರ್‌ಗಳನ್ನು ಹೊರದೇಶಕ್ಕೆ ಕಳಿಸಲು ಅಮೆರಿಕ ನಿರ್ಬಂಧ ಹಾಕಿತ್ತು. ಬ್ಯಾಂಕ್ ವ್ಯವಹಾರಕ್ಕೆ ಅದು ಸಾಲದು ಅಂತ ಕೊರಿಯಾ ತನ್ನದೇ ಆದ ಸೀಡ್ ಎಂಬ ಗೂಢಲಿಪಿ ಮಾಡಿಕೊಂಡಿತು. ಅದನ್ನು ಬ್ರೌಸರಿಗೆ ಸೇರಿಸಲು ಬಳಸಿದ್ದು ಮೈಕ್ರೋಸಾಫ್ಟ್‌ನ ಆಕ್ಟಿವ್‌ಎಕ್ಸ್, ಅದು ನಡೆಯುತ್ತಿದ್ದದ್ದು ಇಂಟರ್‌ನೆಟ್ ಎಕ್ಸ್‌ಪ್ಲೋರರಿನಲ್ಲಿ. ಅಲ್ಲಿಗೆ ಬ್ಯಾಂಕು, ಅಂಗಡಿ, ಸರ್ಕಾರಿ ಕೆಲಸ ಎಲ್ಲಕ್ಕೂ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಬೇಕೇ ಬೇಕು ಎಂದಾಯಿತು. ಅದರ ಜೊತೆಗಿದ್ದ, ವ್ಯವಹಾರ ಮಾಡುವವರು ಯಾರೆಂದು ಖಾತ್ರಿಪಡಿಸುವ ಸರ್ಕಾರಿ ಮಾನ್ಯತೆಯ ಪ್ರಮಾಣಪತ್ರದ ಪದ್ಧತಿಗೆ ಕಾನೂನಿನಲ್ಲಿದ್ದ ವಿಶೇಷ ಸ್ಥಾನ ಹೋದದ್ದು 2020ರ ಡಿಸೆಂಬರ್‌ನಲ್ಲಿ.

ಬ್ರೌಸರ್‌ಗಳಿಗೂ ಇಂಥ ಹಳೆಯ ಗಾಯದ ಗುರುತುಗಳಿವೆ. ಕ್ರೋಮ್ ಆಗಲಿ ಸಫಾರಿ ಆಗಲಿ, ಒಂದು ತಾಣಕ್ಕೆ ಹೋದಾಗ ಹೇಳಿಕೊಳ್ಳುವ ಮೊದಲ ಹೆಸರು ಇವತ್ತಿಗೂ "ಮೊಜಿಲ್ಲಾ". ಅದು ನೆಟ್‌ಸ್ಕೇಪ್‌ನ ಹೆಸರು. ಒಳ್ಳೆಯ ಪುಟವನ್ನು ಆ ಹೆಸರಿಗೆ ಮಾತ್ರ ಕೊಡುತ್ತಿದ್ದ ತಾಣಗಳಿದ್ದವು, ಅದಕ್ಕೆ ಎಲ್ಲರೂ ಅದೇ ಹೆಸರು ಹೇಳತೊಡಗಿದರು. 2019ರಲ್ಲಿ ವಿವಾಲ್ಡಿ ಎಂಬ ಬ್ರೌಸರ್ ಕೂಡ ತನ್ನ ಹೆಸರು ಬಿಟ್ಟು ಕ್ರೋಮ್ ಅಂತಲೇ ಹೇಳಿಕೊಳ್ಳಬೇಕಾಯಿತು. ಹೆಸರು ನೋಡಿಯೇ ಬಾಗಿಲು ಹಾಕುವ ತಾಣಗಳು ಆಗಲೂ ಇದ್ದವು.

ಮತ್ತೆ ಕನ್ನಡಕ್ಕೆ ಬರೋಣ. ಈ ಕಥೆಯಲ್ಲಿ ನನಗೆ ತುಂಬ ಇಷ್ಟದ ಭಾಗ ಒಪೆರಾ ಮಿನಿ. ಗುಂಡಿ ಒತ್ತುವ ಸಣ್ಣ ಫೋನ್‌ಗಳ ಕಾಲ. ಅವುಗಳಲ್ಲಿ ಕನ್ನಡ ಫಾಂಟ್ ಇರುತ್ತಿರಲಿಲ್ಲ. ಕನ್ನಡ ಪುಟ ಅಂದರೆ ಬರೀ ಡಬ್ಬಗಳ ಸಾಲು. ಒಪೆರಾ ಮಿನಿಯಲ್ಲಿ ಪುಟ ನೇರವಾಗಿ ಫೋನಿಗೆ ಬರುತ್ತಿರಲಿಲ್ಲ. ಮೊದಲು ಕಂಪನಿಯ ಸರ್ವರ್‌ಗೆ ಹೋಗಿ, ಅಲ್ಲಿ ಸಣ್ಣದಾಗಿ ಬರುತ್ತಿತ್ತು. ಈ ಏರ್ಪಾಟಿನಲ್ಲೇ ಒಂದು ಗುಟ್ಟಿನ ಬಾಗಿಲು ಇತ್ತು. ವಿಳಾಸ ಬರೆಯುವ ಜಾಗದಲ್ಲಿ ಒಪೆರಾ, ಎರಡು ಚುಕ್ಕೆ, ಕಾನ್ಫಿಗ್ ಅಂತ ಟೈಪ್ ಮಾಡಿದರೆ ಒಂದು ಪಟ್ಟಿ ತೆರೆಯುತ್ತಿತ್ತು. ಅದರ ತಳದಲ್ಲಿ, ಕ್ಲಿಷ್ಟ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟ್ ಬಳಸಬೇಕೆ ಎಂಬ ಪ್ರಶ್ನೆ. "ನೋ" ಇದ್ದದ್ದನ್ನು "ಯೆಸ್" ಮಾಡಿ ಸೇವ್ ಮಾಡಿದರೆ ಮುಗಿಯಿತು. ಅಲ್ಲಿಂದ ಮುಂದೆ ಸರ್ವರೇ ಅಕ್ಷರಗಳನ್ನು ಚಿತ್ರ ಮಾಡಿ ಕಳಿಸುತ್ತಿತ್ತು. ಫೋನಿಗೆ ಕನ್ನಡ ಗೊತ್ತಿರಬೇಕಾಗಿಯೇ ಇರಲಿಲ್ಲ. ಅಕ್ಷರ ಸ್ವಲ್ಪ ಒರಟು, ಡೇಟಾ ಸ್ವಲ್ಪ ಜಾಸ್ತಿ. ಆದರೂ ಬಸ್ಸಿನಲ್ಲಿ ಕೂತು ಅಂಗೈಯಲ್ಲಿ ಮೊದಲ ಸಲ ಕನ್ನಡ ಓದಿದ ಖುಷಿ ನನಗೆ ಇನ್ನೂ ನೆನಪಿದೆ.

ಆಂಡ್ರಾಯ್ಡ್‌ಗೆ ಕನ್ನಡ ಬಂದದ್ದು 2012ರಲ್ಲಿ, 4.1ನೇ ಆವೃತ್ತಿಯಲ್ಲಿ. ಹಳೆಯ ಆವೃತ್ತಿಯ ಫೋನ್ ಇದ್ದವರು ಅದಾದ ಮೇಲೂ ಒಪೆರಾ ಮಿನಿ ಬಿಡಲಿಲ್ಲ. ಯಾಕೆ ಬಿಡಬೇಕು?

ಈಗ ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್ ಮೂರರಲ್ಲೂ ಕನ್ನಡದ ಅಕ್ಷರ ಕೂಡಿಸುವುದು ಹಾರ್ಫ್‌ಬಝ್ ಎಂಬ ಒಂದೇ ತಂತ್ರಾಂಶ. ಯಾರು ಬೇಕಾದರೂ ಬಳಸಬಹುದಾದ ಮುಕ್ತ ತಂತ್ರಾಂಶ ಅದು. ಹಾಗಾಗಿ ಒತ್ತಕ್ಷರಕ್ಕಾಗಿ ಬ್ರೌಸರ್ ಹುಡುಕುವ ಕಾಲ ಮುಗಿದಿದೆ. ಈಗ ನಮ್ಮನ್ನು ಹಿಡಿದಿಡುವುದು ಉಳಿಸಿಟ್ಟ ಪಾಸ್‌ವರ್ಡು, ಬುಕ್‌ಮಾರ್ಕು, ಕೈಗೆ ಕೂತ ಅಭ್ಯಾಸ.

ಹಳೆಯ ಪುಟಗಳ ಪಾಡು ಮಾತ್ರ ಹಾಗೇ ಇದೆ. ಇಒಟಿ ಫಾಂಟ್ ಕ್ರೋಮ್‌ಗೂ ಬಾರದು, ಫೈರ್‌ಫಾಕ್ಸ್‌ಗೂ ಬಾರದು. ಇಂಟರ್‌ನೆಟ್ ಎಕ್ಸ್‌ಪ್ಲೋರರ್ 2022ರ ಜೂನ್ 15ರಂದು ನಿವೃತ್ತವಾಯಿತು. ಶಿವಮೊಗ್ಗದ ಹಿರಿಯ ಗೆಳೆಯರೊಬ್ಬರು ಆಗಿನ ಕನ್ನಡ ಪುಟಗಳನ್ನು ಒಂದು ಹಾರ್ಡ್ ಡಿಸ್ಕ್‌ನಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ಅವನ್ನು ಓದಲೆಂದೇ ಒಂದು ಎಕ್ಸ್‌ಪಿ ಕಂಪ್ಯೂಟರನ್ನು ಬಿಸಾಡದೆ ಉಳಿಸಿಕೊಂಡಿದ್ದಾರೆ. ಇಂಟರ್‌ನೆಟ್‌ಗೆ ಅದನ್ನು ಜೋಡಿಸುವುದಿಲ್ಲ. ಮೈಕ್ರೋಸಾಫ್ಟ್‌ನ ಎಡ್ಜ್ ಒಳಗೆ ಹಳೆಯ ಎಕ್ಸ್‌ಪ್ಲೋರರಿನ ಎಂಜಿನ್ ಐಇ ಮೋಡ್ ಎಂಬ ಹೆಸರಿನಲ್ಲಿ ಇನ್ನೂ ಇದೆ, ಕಡೇಪಕ್ಷ 2029ರವರೆಗೆ ಇರುತ್ತದೆ ಅಂತ ಕಂಪನಿ ಹೇಳಿದೆ. ಅಷ್ಟರೊಳಗೆ ಆ ಪುಟಗಳನ್ನೆಲ್ಲ ಯೂನಿಕೋಡ್‌ಗೆ ಬದಲಿಸಬೇಕು ಅಂತ ಆ ಗೆಳೆಯರು ಪರಿವರ್ತಕ ತಂತ್ರಾಂಶ ಹಿಡಿದು ಕೂತಿದ್ದಾರೆ. ನಾನೂ ಭಾನುವಾರಗಳಲ್ಲಿ ಹೋಗಿ ಒಂದಷ್ಟು ಪುಟ ತಿದ್ದಿ ಬರುತ್ತೇನೆ.