ಚಾಟ್‌ಜಿಪಿಟಿ, ಜೆಮಿನಿ, ಕ್ಲಾಡ್: ಮೂರನ್ನೂ ಒಂದೇ ಕಡೆಯಿಂದ ಬಳಸಬಹುದಾ?

ಪ್ರಶ್ನೆ: ಅನುವಾದಕ್ಕೆ, ಅರ್ಜಿ-ಪತ್ರ ಬರೆಯುವುದಕ್ಕೆ ಎಐ ಬಳಸುತ್ತೇನೆ. ಒಂದು ಕೆಲಸಕ್ಕೆ ಚಾಟ್‌ಜಿಪಿಟಿ ಚೆನ್ನಾಗಿರುತ್ತದೆ, ಇನ್ನೊಂದಕ್ಕೆ ಜೆಮಿನಿ, ಮತ್ತೊಂದಕ್ಕೆ ಕ್ಲಾಡ್. ಮೂರು ಆಪ್, ಮೂರು ಲಾಗಿನ್, ಅಲ್ಲಿಂದ ಇಲ್ಲಿಗೆ ಕಾಪಿ-ಪೇಸ್ಟ್. ಎಲ್ಲವನ್ನೂ ಒಂದೇ ಜಾಗದಲ್ಲಿಟ್ಟುಕೊಂಡು ಬೇಕಾದಾಗ ಮಾಡೆಲ್ ಬದಲಾಯಿಸುವ ದಾರಿ ಇದೆಯಾ? ಹಾಗೆ ಮಾಡಿದರೆ ಏನಾದರೂ ನಷ್ಟ ಇದೆಯಾ?

ದಾರಿ ಇದೆ. ಒಂದಲ್ಲ, ನಾಲ್ಕೈದು. ನಷ್ಟವೂ ಇದೆ, ಆದರೆ ಹೆಚ್ಚಿನವರು ಅಂದುಕೊಳ್ಳುವ ಜಾಗದಲ್ಲಿ ಅಲ್ಲ. ಮಾಡೆಲ್ ಬದಲಾಯಿಸುವುದು ಒಂದು ಕ್ಲಿಕ್‌ನ ಕೆಲಸ. ಬದಲಾಯಿಸಿದಾಗ ಏನು ಜೊತೆಗೆ ಬರುತ್ತದೆ, ಏನು ಬರುವುದಿಲ್ಲ ಅನ್ನುವುದನ್ನು ತಿಳಿಯದಿದ್ದರೆ ಅಲ್ಲಿಂದ ಪೇಚಾಟ ಶುರು.

ಮೊದಲನೆಯದು, ಆಪ್ ಬೇರೆ, ಮಾಡೆಲ್ ಬೇರೆ. ಚಾಟ್‌ಜಿಪಿಟಿ ಒಂದು ಆಪ್. ಅದರ ಹಿಂದೆ ಕೆಲಸ ಮಾಡುವುದು ಓಪನ್‌ಎಐ ಕಂಪನಿಯ ಜಿಪಿಟಿ ಮಾಡೆಲ್‌ಗಳು. ಆಂಥ್ರೊಪಿಕ್‌ನ ಕ್ಲಾಡ್, ಗೂಗಲ್‌ನ ಜೆಮಿನಿಗಳಲ್ಲಿ ಆಪ್‌ಗೂ ಮಾಡೆಲ್‌ಗೂ ಒಂದೇ ಹೆಸರು, ಹಾಗಾಗಿ ಗೊಂದಲ ಜಾಸ್ತಿ. ಈ ಕಂಪನಿಗಳೆಲ್ಲ ಆಪ್ ಜೊತೆಗೆ ಎಪಿಐ ಅನ್ನುವ ಇನ್ನೊಂದು ವ್ಯವಸ್ಥೆಯನ್ನೂ ಕೊಡುತ್ತವೆ. ಬೇರೆಯವರು ಬರೆದ ಸಾಫ್ಟ್‌ವೇರ್ ನೇರವಾಗಿ ಮಾಡೆಲ್‌ಗೆ ಪ್ರಶ್ನೆ ಕಳಿಸಿ ಉತ್ತರ ಪಡೆಯುವುದು ಇದರ ಮೂಲಕ. ಒಂದೇ ಪರದೆಯಲ್ಲಿ ಹಲವು ಮಾಡೆಲ್ ತೋರಿಸುವ ಸಾಧನಗಳು ಸಾಮಾನ್ಯವಾಗಿ ನಡೆಯುವುದೂ ಹೀಗೇ.

ತೊಡಕು ಏನೆಂದರೆ, ಒಬ್ಬೊಬ್ಬರ ಎಪಿಐ ಒಂದೊಂದು ರೀತಿ ಕೇಳುತ್ತದೆ. 2023ರ ಮಾರ್ಚ್‌ನಲ್ಲಿ ಓಪನ್‌ಎಐ ತೆರೆದ ಚಾಟ್ ಎಪಿಐಯಲ್ಲಿ ಇಡೀ ಮಾತುಕತೆ ಒಂದು ಪಟ್ಟಿ. ಪ್ರತಿ ಸಾಲಿಗೂ ‘ಸಿಸ್ಟಮ್’, ‘ಯೂಸರ್’, ‘ಅಸಿಸ್ಟೆಂಟ್’ ಎಂದು ಯಾರ ಮಾತು ಅನ್ನುವ ಗುರುತು. ಆಂಥ್ರೊಪಿಕ್‌ನವರು ಸಿಸ್ಟಮ್ ಸೂಚನೆಯನ್ನು (ಇಡೀ ಮಾತುಕತೆಗೆ ಅನ್ವಯಿಸುವಂತೆ ಮೊದಲೇ ಕೊಡುವ ನಿಯಮ) ಆ ಪಟ್ಟಿಯಿಂದ ಹೊರಗೆ, ಬೇರೆಯಾಗಿ ಕೊಡಿ ಅನ್ನುತ್ತಾರೆ. ಉತ್ತರ ಗರಿಷ್ಠ ಎಷ್ಟು ಉದ್ದ ಇರಬೇಕು ಅನ್ನುವುದನ್ನೂ ಹೇಳಲೇಬೇಕು. ಗೂಗಲ್ ‘ಅಸಿಸ್ಟೆಂಟ್’ ಬದಲು ‘ಮಾಡೆಲ್’ ಅನ್ನುತ್ತದೆ. ಉತ್ತರದಲ್ಲಿ ಎಷ್ಟು ಏರಿಳಿತ ಬೇಕು ಅನ್ನುವ ‘ಟೆಂಪರೇಚರ್’ ಅಳತೆ ಓಪನ್‌ಎಐಯಲ್ಲಿ 0ಯಿಂದ 2, ಆಂಥ್ರೊಪಿಕ್‌ನಲ್ಲಿ 0ಯಿಂದ 1.

ನುಡಿ, ಶ್ರೀಲಿಪಿಯಂಥ ಕನ್ನಡ ಟೈಪಿಂಗ್ ತಂತ್ರಾಂಶಗಳ ಕಾಲ ನೆನಪಿದ್ದವರಿಗೆ ಈ ಕಥೆ ಹೊಸದಲ್ಲ. ಒಂದರಲ್ಲಿ ಟೈಪ್ ಮಾಡಿದ್ದನ್ನು ಇನ್ನೊಂದರಲ್ಲಿ ತೆರೆದರೆ ಬರೀ ಅಡ್ಡಾದಿಡ್ಡಿ ಚಿಹ್ನೆ. ಮಧ್ಯೆ ಒಂದು ಕನ್ವರ್ಟರ್ ಬೇಕಿತ್ತು. ಹಲವು ಮಾಡೆಲ್‌ಗಳಿಗೆ ಒಂದೇ ಇಂಟರ್‌ಫೇಸ್ ಅಂದರೆ ಮುಖ್ಯವಾಗಿ ಅಂಥದ್ದೊಂದು ಕನ್ವರ್ಟರ್. ಕಾಲಕ್ರಮದಲ್ಲಿ ಓಪನ್‌ಎಐನ ರೀತಿಯೇ ಯಾರೂ ಅಧಿಕೃತವಾಗಿ ಘೋಷಿಸದ ಯೂನಿಕೋಡ್‌ನಂತೆ (ಎಲ್ಲ ತಂತ್ರಾಂಶಗಳೂ ಒಪ್ಪುವ ಒಂದೇ ಅಕ್ಷರ ಸಂಕೇತ) ಆಗಿಹೋಯಿತು. 2024ರ ಫೆಬ್ರವರಿಯಲ್ಲಿ, ಸ್ವಂತ ಕಂಪ್ಯೂಟರಿನಲ್ಲೇ ಮಾಡೆಲ್ ನಡೆಸಲು ಬಳಸುವ ಒಲಾಮಾ, ಅದೇ ವರ್ಷ ನವೆಂಬರ್‌ನಲ್ಲಿ ಗೂಗಲ್ ಕೂಡ ಆ ರೀತಿಯಲ್ಲಿ ಕೇಳಿದರೂ ಉತ್ತರ ಕೊಡುವ ವ್ಯವಸ್ಥೆ ಮಾಡಿದವು. ಈಗ ಹೆಚ್ಚಿನ ಕಡೆ ವಿಳಾಸ, ಕೀ (ನಿಮ್ಮ ಖಾತೆಯನ್ನು ಗುರುತಿಸುವ ಗುಪ್ತ ಸಂಕೇತ), ಮಾಡೆಲ್ ಹೆಸರು ಇವಿಷ್ಟನ್ನು ಬದಲಾಯಿಸಿದರೆ ಸಾಕು. (ಅಂದಹಾಗೆ, ನಿಮ್ಮ ಹಳೆಯ ಕಡತಗಳು ಇನ್ನೂ ನುಡಿಯ ಆಸ್ಕಿ ಫಾಂಟ್‌ನಲ್ಲಿದ್ದರೆ ಯೂನಿಕೋಡ್‌ಗೆ ತಂದ ಮೇಲೆಯೇ ಮಾಡೆಲ್‌ಗೆ ಕೊಡಿ.)

ಇನ್ನು ಸಾಧನಗಳು. ಕೋಡಿಂಗ್ ಗೊತ್ತಿಲ್ಲದವರಿಗೆ ಸುಲಭವಾದದ್ದು ಕೋರಾ ಕಂಪನಿಯ ಪೋ. ಒಂದೇ ಚಂದಾ, ಒಳಗೆ ಹಲವು ಕಂಪನಿಗಳ ಮಾಡೆಲ್. ಪರ್‌ಪ್ಲೆಕ್ಸಿಟಿ ಪ್ರೊದಲ್ಲೂ ಮಾಡೆಲ್ ಆರಿಸಿಕೊಳ್ಳಬಹುದು. 2025ರ ಜುಲೈನಲ್ಲಿ ಏರ್‌ಟೆಲ್ ತನ್ನ ಗ್ರಾಹಕರಿಗೆ ಒಂದು ವರ್ಷ ಇದನ್ನು ಉಚಿತವಾಗಿ ಕೊಟ್ಟಾಗ ಲಕ್ಷಾಂತರ ಜನರ ಫೋನಿಗೆ ಬಂತು. ಅದು ಮುಖ್ಯವಾಗಿ ಹುಡುಕಾಟದ ಸಾಧನ. ಉದ್ದದ ಬರವಣಿಗೆ, ಅನುವಾದಕ್ಕೆ ನಾನು ಅದನ್ನು ಆರಿಸುವುದಿಲ್ಲ.

ಬಳಸಿದಷ್ಟಕ್ಕೆ ಮಾತ್ರ ದುಡ್ಡು ಕೊಡುತ್ತೇನೆ ಅನ್ನುವವರಿಗೆ ಓಪನ್‌ರೌಟರ್. ಒಂದೇ ಖಾತೆಗೆ ಹಣ ತುಂಬಿ, ಒಂದೇ ಕೀಯಿಂದ ನೂರಾರು ಮಾಡೆಲ್‌ಗಳನ್ನು ಕರೆಯಬಹುದು. ಪ್ರೋಗ್ರಾಮ್ ಬರೆಯುವವರಿಗೆ ಲೈಟ್‌ಎಲ್‌ಎಲ್‌ಎಂ ಅನ್ನುವ ಮುಕ್ತ ತಂತ್ರಾಂಶ ಇದೆ, ಅದನ್ನು ನಿಮ್ಮದೇ ಸರ್ವರ್‌ನಲ್ಲಿ ನಡೆಸಬಹುದು. ಕಪ್ಪು ಪರದೆಯ ಟರ್ಮಿನಲ್ ಅಂದರೆ ಭಯವಿಲ್ಲದವರಿಗೆ ಸೈಮನ್ ವಿಲಿಸನ್ 2023ರಿಂದ ಬೆಳೆಸುತ್ತಿರುವ ‘ಎಲ್‌ಎಲ್‌ಎಂ’ ಅನ್ನುವ ಪುಟ್ಟ ಸಾಧನ. ಕೇಳಿದ್ದು, ಬಂದ ಉತ್ತರ, ಯಾವ ಮಾಡೆಲ್ ಅನ್ನುವುದನ್ನೆಲ್ಲ ಅದು ನಿಮ್ಮದೇ ಕಂಪ್ಯೂಟರಿನ ಎಸ್‌ಕ್ಯುಲೈಟ್ ಡೇಟಾಬೇಸ್ ಫೈಲಿನಲ್ಲಿ ಬರೆದಿಡುತ್ತದೆ. ಆ ದಾಖಲೆ ಎಷ್ಟು ಉಪಯೋಗಕ್ಕೆ ಬರುತ್ತದೆ ಅನ್ನುವುದು ಕೆಲವು ತಿಂಗಳು ಬಳಸಿದ ಮೇಲೆ ಗೊತ್ತಾಗುತ್ತದೆ. ಮಾಹಿತಿ ಮನೆ ದಾಟಬಾರದು ಅನ್ನುವವರು ಒಲಾಮಾದಲ್ಲಿ ಮಾಡೆಲ್ ಇಳಿಸಿಕೊಂಡು, ಅದರ ಮೇಲೆ ಓಪನ್ ವೆಬ್‌ಯುಐ ಅನ್ನುವ ಚಾಟ್ ಪರದೆ ಹಾಕಿಕೊಳ್ಳುತ್ತಾರೆ. ಮೆಟಾ ಕಂಪನಿಯ ಲಾಮಾ 3ರ 800 ಕೋಟಿ ಪ್ಯಾರಾಮೀಟರ್‌ನ (ಮಾಡೆಲ್‌ನ ಗಾತ್ರ ಹೇಳುವ ಲೆಕ್ಕ) ಮಾಡೆಲ್ ಅಲ್ಲಿ ಸುಮಾರು 4.7 ಜಿಬಿ, ಅಂದರೆ ಒಳ್ಳೆಯ ಲ್ಯಾಪ್‌ಟಾಪ್ ಸಾಕು. ಆದರೆ ಇಷ್ಟು ಸಣ್ಣ ಮಾಡೆಲ್‌ಗಳ ಕನ್ನಡದ ಮೇಲೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ.

ಇಲ್ಲಿ ಎಷ್ಟೋ ಜನ ಎಡವುವ ಒಂದು ವಿಷಯ: ಚಾಟ್‌ಜಿಪಿಟಿ ಪ್ಲಸ್‌ಗೋ ಕ್ಲಾಡ್ ಪ್ರೊಗೋ ತಿಂಗಳಿಗೆ 20 ಡಾಲರ್ ಕಟ್ಟುತ್ತಿದ್ದರೆ ಎಪಿಐ ಅದರಲ್ಲೇ ಸೇರಿರುವುದಿಲ್ಲ. ಅದರ ಲೆಕ್ಕವೇ ಬೇರೆ. ಚಂದಾ ಕಟ್ಟಿದ ಖಾತೆಯನ್ನು ಓಪನ್ ವೆಬ್‌ಯುಐಗೆ ಜೋಡಿಸಿ ಸುಮ್ನೆ ಬಳಸುತ್ತೇನೆ ಅಂದರೆ ಆಗುವುದಿಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ, ನಷ್ಟದ್ದು.

ಭಾಷಾ ಮಾಡೆಲ್‌ಗೆ ಹಿಂದಿನ ಮಾತು ನೆನಪಿರುವುದಿಲ್ಲ. ನೀವು ಹತ್ತನೇ ಪ್ರಶ್ನೆ ಕೇಳಿದಾಗ ಮೊದಲಿನ ಒಂಬತ್ತು ಪ್ರಶ್ನೆ, ಒಂಬತ್ತು ಉತ್ತರ ಎಲ್ಲವನ್ನೂ ಸಾಫ್ಟ್‌ವೇರ್ ಮತ್ತೆ ಕಟ್ಟಿ ಕಳಿಸುತ್ತದೆ. ಮಾಡೆಲ್ ಪ್ರತಿ ಸಲ ಮೊದಲಿನಿಂದ ಓದಿ ಮುಂದಿನ ಉತ್ತರ ಬರೆಯುತ್ತದೆ. ಮಾತಿನ ಮಧ್ಯೆ ಮಾಡೆಲ್ ಬದಲಾಯಿಸಲು ಆಗುವುದೇ ಇದರಿಂದ. ಹೊಸ ಮಾಡೆಲ್‌ಗೆ ಹಳೆಯ ಪಟ್ಟಿ ಹೋಗುತ್ತದೆ, ಅಷ್ಟೇ. ಆದರೆ ಆ ಪಟ್ಟಿಯಲ್ಲಿ ಹಳೆಯ ಮಾಡೆಲ್‌ನ ಉತ್ತರಗಳ ಮೇಲೆ ‘ಅಸಿಸ್ಟೆಂಟ್’ ಅನ್ನುವ ಗುರುತು ಇರುತ್ತದೆ ಅಲ್ವಾ? ಅದನ್ನು ಬರೆದದ್ದು ಜಿಪಿಟಿಯೋ ಜೆಮಿನಿಯೋ ಅನ್ನುವ ವಿವರ ಅಲ್ಲಿಲ್ಲ. ಹಾಗಾಗಿ ಹೊಸ ಮಾಡೆಲ್ ಅದನ್ನೆಲ್ಲ ತಾನೇ ಹೇಳಿದ್ದು ಎಂದು ಓದಿಕೊಳ್ಳುತ್ತದೆ. ಹಿಂದಿನದು ಒಂದು ಇಸವಿ ತಪ್ಪು ಹೇಳಿದ್ದರೆ ಹೊಸದು ಅದನ್ನೇ ಹಿಡಿದುಕೊಂಡು ಮುಂದುವರಿಯುವುದು ಸಾಮಾನ್ಯ. ಹಿಂದಿನದರ ಶೈಲಿ, ಉದ್ದ, ಪದೇ ಪದೇ ಬಳಸುವ ಪದ ಎಲ್ಲ ಅಂಟಿಕೊಳ್ಳುತ್ತವೆ. ‘ಕ್ಲಾಡ್‌ಗೆ ಬದಲಾಯಿಸಿದೆ, ಏನೂ ವ್ಯತ್ಯಾಸ ಕಾಣಲಿಲ್ಲ’ ಅನ್ನುವವರು ಬಹಳಷ್ಟು ಸಲ ಹಳೆಯ ಚಾಟ್‌ನೊಳಗೇ ಬದಲಾಯಿಸಿರುತ್ತಾರೆ. ಎರಡನೇ ಅಭಿಪ್ರಾಯ ಬೇಕಿದ್ದರೆ ಹೊಸ ಚಾಟ್ ತೆರೆಯಿರಿ, ಪ್ರಶ್ನೆಯನ್ನು ಮಾತ್ರ ಹಾಕಿ. ಹಿಂದಿನ ಉತ್ತರವನ್ನೇ ತಿದ್ದಿಸಬೇಕಿದ್ದರೆ ಅದನ್ನು ‘ಇದು ಬೇರೊಬ್ಬರು ಬರೆದದ್ದು, ತಪ್ಪು ಹುಡುಕಿ’ ಅಂತ ಹೇಳಿ ಅಂಟಿಸಿ.

ಜಾಗದ ಮಿತಿಯೂ ಒಂದು. ಮಾಡೆಲ್ ಒಂದು ಸಲಕ್ಕೆ ಎಷ್ಟು ಓದಬಲ್ಲದು ಅನ್ನುವುದಕ್ಕೆ ಮಿತಿ ಇದೆ. 2024ರ ಜೆಮಿನಿ 1.5 ಪ್ರೊ ಹತ್ತು ಲಕ್ಷ ಟೋಕನ್ (ಮಾಡೆಲ್ ಪಠ್ಯವನ್ನು ಒಡೆದು ಓದುವ ಸಣ್ಣ ತುಣುಕು) ಓದುತ್ತಿತ್ತು. ಅದೇ ವರ್ಷ ಏಪ್ರಿಲ್‌ನಲ್ಲಿ ಬಂದ ಲಾಮಾ 3ಕ್ಕೆ ಎಂಟು ಸಾವಿರ. ಉದ್ದದ ಮಾತುಕತೆಯನ್ನು ದೊಡ್ಡದರಿಂದ ಸಣ್ಣದಕ್ಕೆ ವರ್ಗ ಮಾಡಿದರೆ ಕೆಲವು ಸಾಫ್ಟ್‌ವೇರ್ ‘ಹಿಡಿಸುತ್ತಿಲ್ಲ’ ಎಂದು ನಿಲ್ಲುತ್ತವೆ, ಕೆಲವು ಏನೂ ಹೇಳದೆ ಹಳೆಯ ಭಾಗವನ್ನು ಕತ್ತರಿಸುತ್ತವೆ. ಎರಡನೆಯದು ಅಪಾಯ. ನೀವು ಮೊದಲಲ್ಲಿ ಕೊಟ್ಟ ನಿಯಮಗಳೇ ಕಳೆದುಹೋಗಿರುತ್ತವೆ, ಮಾಡೆಲ್ ಮಾತ್ರ ಧೈರ್ಯವಾಗಿ ಉತ್ತರಿಸುತ್ತಿರುತ್ತದೆ.

ಇನ್ನೊಂದು ದೂರು: ‘ಚಾಟ್‌ಜಿಪಿಟಿ ಆಪ್‌ನಲ್ಲಿ ಚೆನ್ನಾಗಿ ಬಂತು, ಇಲ್ಲಿ ಅದೇ ಮಾಡೆಲ್ ಹಾಕಿದರೂ ಸಪ್ಪೆ.’ ಆಪ್‌ನಲ್ಲಿ ನಿಮ್ಮ ಪ್ರಶ್ನೆಯ ಹಿಂದೆ ಕಂಪನಿ ಬರೆದಿಟ್ಟ ಉದ್ದದ ಸೂಚನೆ ಇರುತ್ತದೆ. ವೆಬ್ ಹುಡುಕಾಟ ಇರುತ್ತದೆ, ನಿಮ್ಮ ಬಗ್ಗೆ ನೆನಪಿಟ್ಟುಕೊಂಡ ವಿವರ ಇರುತ್ತದೆ. ಎಪಿಐಯಲ್ಲಿ ಸಿಗುವುದು ಬರೀ ಮಾಡೆಲ್. ಕನ್ನಡದಲ್ಲೇ ಉತ್ತರಿಸು, ಹಿರಿಯರಿಗೆ ‘ಅವರು’ ಬಳಸು ಅಂತೆಲ್ಲ ನೀವೇ ಸಿಸ್ಟಮ್ ಸೂಚನೆಯಲ್ಲಿ ಬರೆದುಕೊಡಬೇಕು. ಅದನ್ನು ಒಂದು ಫೈಲಿನಲ್ಲಿ ಬರೆದಿಟ್ಟುಕೊಳ್ಳಿ. ಲಾಮಾದಂತೆ ಇಳಿಸಿಕೊಂಡು ನಡೆಸಬಹುದಾದ ಮುಕ್ತ ಮಾಡೆಲ್‌ಗಳಲ್ಲಿ ಇನ್ನೊಂದು ಮಾತೂ ಇದೆ: ಓಪನ್‌ರೌಟರ್‌ನಂಥ ಕಡೆ ಒಂದೇ ಲಾಮಾವನ್ನು ಹಲವು ಕಂಪನಿಗಳು ನಡೆಸುತ್ತಿರುತ್ತವೆ. ಕೆಲವರು ಖರ್ಚು ಉಳಿಸಲು ಮಾಡೆಲ್ ಅನ್ನು ಕುಗ್ಗಿಸಿ ಹಾಕಿರುತ್ತಾರೆ. ಹೆಸರು ಒಂದೇ, ಗುಣ ಸ್ವಲ್ಪ ಬೇರೆ.

ಕನ್ನಡದಲ್ಲಿ ಕೆಲಸ ಮಾಡುವವರು ಖರ್ಚಿನ ಲೆಕ್ಕವನ್ನೂ ಬೇರೆಯಾಗಿ ನೋಡಬೇಕು. ಎಪಿಐಯಲ್ಲಿ ದರ ಹಾಕುವುದು ಪದಕ್ಕಲ್ಲ, ಟೋಕನ್‌ಗೆ. ಕಂಪ್ಯೂಟರ್ ಅಕ್ಷರಗಳನ್ನು ಉಳಿಸುವ ಯುಟಿಎಫ್-8 ರೀತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರ ಒಂದು ಬೈಟ್, ಕನ್ನಡದ ಒಂದೊಂದು ಸಂಕೇತವೂ ಮೂರು ಬೈಟ್. ‘ಕನ್ನಡ’ ಎಂದು ಬರೆದರೆ 15 ಬೈಟ್. ಟೋಕನ್ ಮಾಡುವ ಪಟ್ಟಿಯಲ್ಲಿ ಕನ್ನಡದ ತುಣುಕುಗಳು ಕಡಿಮೆ ಇದ್ದರೆ ಒಂದು ಪದ ಚೂರುಚೂರಾಗಿ ಬಿಲ್ ಏರುತ್ತದೆ. 2024ರ ಮೇನಲ್ಲಿ ಜಿಪಿಟಿ-4ಒ ಬಂದಾಗ ಓಪನ್‌ಎಐ ಈ ಪಟ್ಟಿಯನ್ನೇ ಬದಲಿಸಿತು. ಅವರು ಕೊಟ್ಟ ಉದಾಹರಣೆಯಲ್ಲಿ ತೆಲುಗಿನ ಒಂದು ಪಠ್ಯ 159 ಟೋಕನ್‌ನಿಂದ 45ಕ್ಕೆ, ತಮಿಳಿನದು 116ರಿಂದ 35ಕ್ಕೆ ಇಳಿದಿತ್ತು. ಆದ್ದರಿಂದ ಟೋಕನ್ ದರ ಕಡಿಮೆ ಎಂದ ಮಾತ್ರಕ್ಕೆ ಆ ಮಾಡೆಲ್ ಕನ್ನಡಕ್ಕೆ ಅಗ್ಗ ಅಲ್ಲ. ನಿಮ್ಮದೇ ಒಂದು ಪುಟ ಹಾಕಿ, ಕೊನೆಯ ಬಿಲ್ ಹೋಲಿಸಿ. ಮಾತಿನ ಮಧ್ಯೆ ಮಾಡೆಲ್ ಬದಲಾಯಿಸಿದರೆ, ಹಿಂದೆ ಕಳಿಸಿದ ಭಾಗವನ್ನು ಎತ್ತಿಟ್ಟುಕೊಂಡು ಮತ್ತೆ ಬಳಸುವುದಕ್ಕೆ ಸಿಗುತ್ತಿದ್ದ ‘ಕ್ಯಾಶ್’ (cache) ರಿಯಾಯಿತಿಯೂ ಹೋಗುತ್ತದೆ, ಏಕೆಂದರೆ ಅದು ಆಯಾ ಮಾಡೆಲ್‌ಗೆ ಮಾತ್ರ.

ಹಾಗಾದರೆ ಯಾವ ಕೆಲಸಕ್ಕೆ ಯಾವುದು? ನಾನು ಹೆಸರು ಹೇಳುವುದಿಲ್ಲ, ಹೇಳಿದರೂ ಮುಂದಿನ ತಿಂಗಳಿಗೆ ಹಳತಾಗುತ್ತದೆ. ಒಂದು ಸಣ್ಣ ಪರೀಕ್ಷೆ ಮಾಡಿಟ್ಟುಕೊಳ್ಳಿ. ನನಗೆ ಇಷ್ಟದ ಪ್ರಶ್ನೆ ಪಹಣಿಯದ್ದು: 2 ಎಕರೆ 15 ಗುಂಟೆಗೆ 1 ಎಕರೆ 30 ಗುಂಟೆ ಕೂಡಿಸಿದರೆ ಎಷ್ಟು? ಎಕರೆಗೆ 40 ಗುಂಟೆ, ಹಾಗಾಗಿ ಉತ್ತರ 4 ಎಕರೆ 5 ಗುಂಟೆ. 3 ಎಕರೆ 45 ಗುಂಟೆ ಅಂದ ಮಾಡೆಲ್‌ಗೆ ಜಮೀನಿನ ಕಾಗದ ಕೊಡಬೇಡಿ. ‘ಎಲ್ಲಾರೂ ಕೂಡೇ ಹೋಗೂಣು ಬರ್ರಿ’ ಅನ್ನುವ ಧಾರವಾಡದ ಮಾತನ್ನು ಬರಹದ ಕನ್ನಡಕ್ಕೆ ತರಲು ಹೇಳಿ. ಒಬ್ಬ ವಯಸ್ಸಾದ ಶಿಕ್ಷಕಿಯ ಬಗ್ಗೆ ಇಂಗ್ಲಿಷಿನಲ್ಲಿರುವ ಪ್ಯಾರಾ ಕೊಟ್ಟು ಅನುವಾದ ಕೇಳಿ, ‘ಅವಳು’ ಬರುತ್ತದೋ ‘ಅವರು’ ಬರುತ್ತದೋ ನೋಡಿ. ‘ಎರಡೂಮುಕ್ಕಾಲು ಗಂಟೆ’ಯನ್ನು ನಿಮಿಷಕ್ಕೆ ಇಳಿಸಲು ಹೇಳಿ. ಜೊತೆಗೆ ನಿಮ್ಮದೇ ಕೆಲಸದ ನಾಲ್ಕಾರು ಪತ್ರಗಳಿರಲಿ. ಒಂದೇ ಇಂಟರ್‌ಫೇಸ್‌ನ ನಿಜವಾದ ಲಾಭ ಇಲ್ಲಿದೆ: ಒಂದೇ ಪ್ರಶ್ನೆ, ಒಂದೇ ಸೂಚನೆ, ಬದಲಾಗುವುದು ಮಾಡೆಲ್ ಮಾತ್ರ. ಬೆಂಗಳೂರಿನ ಸರ್ವಂ ಕೂಡ ಕನ್ನಡ ಬಲ್ಲ ಮಾಡೆಲ್‌ಗಳನ್ನು ಮಾಡುತ್ತಿದೆ, ಅದನ್ನೂ ಇದೇ ಪರೀಕ್ಷೆಗೆ ಕೂರಿಸಿ.

ಈ ಪರೀಕ್ಷೆ ಇನ್ನೊಂದು ಕಾರಣಕ್ಕೂ ಬೇಕು. ಮಾಡೆಲ್‌ಗಳು ನಿಲ್ಲುತ್ತವೆ. 2024ರ ಜನವರಿ 4ರಂದು ಓಪನ್‌ಎಐ ಟೆಕ್ಸ್ಟ್-ಡಾವಿಂಚಿ-003 ಎಂಬ ಮಾಡೆಲ್ ಅನ್ನು ಮುಚ್ಚಿತು, ಅದನ್ನು ನೆಚ್ಚಿಕೊಂಡಿದ್ದ ಪ್ರೋಗ್ರಾಮ್‌ಗಳೆಲ್ಲ ಬೇರೆ ದಾರಿ ನೋಡಬೇಕಾಯಿತು. 2025ರ ಆಗಸ್ಟ್‌ನಲ್ಲಿ ಜಿಪಿಟಿ-5 ಬಂದ ದಿನ ಚಾಟ್‌ಜಿಪಿಟಿ ಆಪ್‌ನಿಂದ ಜಿಪಿಟಿ-4ಒ ಮಾಯವಾಯಿತು. ಜನ ಗಲಾಟೆ ಮಾಡಿದ ಮೇಲೆ ಕೆಲವೇ ದಿನದಲ್ಲಿ ದುಡ್ಡು ಕೊಡುವವರಿಗೆ ವಾಪಸ್ ಬಂತು. ಸೂಚನೆ, ಪರೀಕ್ಷೆ, ಹಳೆಯ ಉತ್ತರ ಎಲ್ಲ ನಿಮ್ಮ ಬಳಿ ಇದ್ದರೆ ಇಂಥ ದಿನ ಬೇರೆ ಹೆಸರು ಆರಿಸಿಕೊಂಡು ಕೆಲಸ ಮುಂದುವರಿಸಬಹುದು.

ಕೊನೆಗೆ ಮಾಹಿತಿಯ ಗೋಪ್ಯತೆಯ ವಿಷಯ. ಮಧ್ಯವರ್ತಿ ಇದ್ದಾಗ ನಿಮ್ಮ ಪಠ್ಯ ಇಬ್ಬರ ಕೈ ದಾಟುತ್ತದೆ: ಇಂಟರ್‌ಫೇಸ್ ನಡೆಸುವವರದು, ಮಾಡೆಲ್ ನಡೆಸುವವರದು. ಇಬ್ಬರ ಷರತ್ತನ್ನೂ ಓದಬೇಕು. ಕೆಲವು ಉಚಿತ ಮಾಡೆಲ್‌ಗಳು ನೀವು ಕೊಟ್ಟದ್ದನ್ನು ತರಬೇತಿಗೆ ಬಳಸುವ ಷರತ್ತಿನ ಮೇಲೆಯೇ ಉಚಿತ. ಕಕ್ಷಿದಾರರ ದಾಖಲೆ, ರೋಗಿಗಳ ವಿವರ, ಆಧಾರ್ ಸಂಖ್ಯೆ ಇರುವ ಅರ್ಜಿ ಅಲ್ಲಿ ಹಾಕಲೇಬೇಡಿ. ಎಪಿಐ ಕೀಯನ್ನು ಎಟಿಎಂ ಪಿನ್‌ನಷ್ಟೇ ಜೋಪಾನ ಮಾಡಿ, ವಾಟ್ಸಾಪ್‌ನಲ್ಲಿ ಕಳಿಸಬೇಡಿ, ಗಿಟ್‌ಹಬ್‌ಗೆ ಹಾಕುವ ಕೋಡಿನೊಳಗೆ ಬಿಡಬೇಡಿ. ಮೊದಲ ದಿನವೇ ತಿಂಗಳ ಖರ್ಚಿಗೆ ಒಂದು ಮಿತಿ ಹಾಕಿ. ಓಪನ್‌ರೌಟರ್‌ನಲ್ಲಿ ಕೀಗೊಂದು ಮಿತಿ ಹಾಕಬಹುದು, ಆಟೋ ಟಾಪ್-ಅಪ್ ಆನ್ ಆಗಿದ್ದರೆ ಆಫ್ ಮಾಡಿ.