ನೈಲೋಮೀಟರ್: ನದಿಗೆ ಮೊಳ ಹಾಕಿದವರು

ಹೂವು ಮಾರುವವರು ಮೊಳ ಹಾಕುವುದನ್ನು ನೋಡಿದ್ದೀರಿ ಅಲ್ವಾ? ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ಒಂದು ಮೊಳ. ಈಜಿಪ್ಟಿನವರು ನೈಲ್ ನದಿಯ ನೀರನ್ನೂ ಮೊಳದಲ್ಲೇ ಅಳೆಯುತ್ತಿದ್ದರು. ಅದಕ್ಕೆಂದೇ ಕಟ್ಟಿದ ಅಳತೆಯ ಬಾವಿಗೆ ನೈಲೋಮೀಟರ್ ಎಂದು ಹೆಸರು. ಅರಬ್ಬಿಯಲ್ಲಿ ಮಿಕ್ಯಾಸ್.

ಕೈರೋದ ರೋಡಾ ದ್ವೀಪದಲ್ಲಿರುವ ನೈಲೋಮೀಟರ್ 861ರಲ್ಲಿ ಕಟ್ಟಿದ್ದು. ಮೆಟ್ಟಿಲಿಳಿದು ಹೋಗುವ ಕಲ್ಲಿನ ಬಾವಿ, ನಡುವೆ ಎಂಟು ಮುಖದ ಅಮೃತಶಿಲೆಯ ಕಂಬ, ಅದರ ಮೈತುಂಬ ಗೆರೆಗಳು. ನದಿಯ ನೀರು ಸುರಂಗದಿಂದ ಒಳಗೆ ಬರುತ್ತಿತ್ತು. ಅಲೆ, ಸೆಳೆತ ಇಲ್ಲದ್ದರಿಂದ ಮಟ್ಟ ಸರಿಯಾಗಿ ಸಿಗುತ್ತಿತ್ತು.

ಇದೆಲ್ಲ ಹವಾಮಾನ ತಿಳಿಯಲು ಮಾಡಿದ್ದಲ್ಲ, ಕಂದಾಯಕ್ಕೆ! ನೀರು 16 ಮೊಳ ಏರಿತೆಂದರೆ ಹೊಲಗಳಿಗೆ ನೀರು ಹತ್ತಿದಂತೆ, ತೆರಿಗೆ ಹಾಕಬಹುದು. ಏರದಿದ್ದರೆ ಬರ. 1200ರಲ್ಲಿ 13 ಮೊಳವನ್ನೂ ಮುಟ್ಟಲಿಲ್ಲ. ಆಮೇಲೆ ಬಂದ ಬರವನ್ನು ಕಣ್ಣಾರೆ ಕಂಡ ವೈದ್ಯ ಅಬ್ದುಲ್ ಲತೀಫ್ ಅಲ್ ಬಗ್ದಾದಿ ಬರೆದಿಟ್ಟಿರುವುದನ್ನು ಓದಲು ಗಟ್ಟಿ ಎದೆ ಬೇಕು.

ನಮಗೆ ಸಿಕ್ಕಿರುವ ಲೆಕ್ಕ 622ರಿಂದಲೇ ಶುರು, ಅಂದರೆ ಈ ಕಂಬಕ್ಕಿಂತಲೂ ಹಳೆಯದು. ವರ್ಷಕ್ಕೆ ಎರಡು ಅಂಕಿ: ಬೇಸಿಗೆಯಲ್ಲಿ ನೀರು ತೀರಾ ಇಳಿದ ಮಟ್ಟ, ನೆರೆ ತುಂಬ ಏರಿದ ಮಟ್ಟ. ಸ್ವಾರಸ್ಯ ಇರುವುದೇ ಇಲ್ಲಿ. ನೆರೆ ಬರುತ್ತಿದ್ದದ್ದು ಮುಖ್ಯವಾಗಿ ಇಥಿಯೋಪಿಯಾದ ಬೆಟ್ಟಗಳ ಮಳೆಯಿಂದ. ಬೇಸಿಗೆಯ ನೀರು ಹೆಚ್ಚಾಗಿ ಸಮಭಾಜಕ ವೃತ್ತದ ಹತ್ತಿರದ ದೊಡ್ಡ ಸರೋವರಗಳ ಕಡೆಯದು. ಮಳೆಯೇ ಅಪರೂಪವಾದ ಕೈರೋದಲ್ಲಿ ಕೂತು ಎರಡು ದೂರದ ಸೀಮೆಗಳ ಮಳೆಯನ್ನು ಬರೆದಿಟ್ಟ ಹಾಗಾಯಿತು.

ಆದರೆ ಈ ಅಂಕಿಗಳನ್ನು ಸುಮ್ನೆ ನಂಬುವ ಹಾಗಿಲ್ಲ. ವರ್ಷವರ್ಷವೂ ಹೂಳು ಕೂತು ನದಿಯ ತಳ ಮೇಲೇರುತ್ತಿತ್ತು. ನೀರು ಅಷ್ಟೇ ಇದ್ದರೂ ಕಂಬದ ಮೇಲೆ ಜಾಸ್ತಿ ತೋರಿಸುತ್ತಿತ್ತು. ಜೊತೆಗೆ ರಾಜಕೀಯ ಬೇರೆ. ಹತ್ತನೇ ಶತಮಾನದಲ್ಲಿ ಈಜಿಪ್ಟನ್ನು ಆಳಿದ ಫಾತಿಮಿ ವಂಶದ ಖಲೀಫ ಅಲ್ ಮುಯಿಝ್, 16 ಮೊಳ ತುಂಬುವವರೆಗೆ ಮಟ್ಟವನ್ನು ಸಾರಬಾರದೆಂದು ಕಟ್ಟಪ್ಪಣೆ ಮಾಡಿದ್ದ. ನೀರು ಕಡಿಮೆ ಅಂತ ಗೊತ್ತಾದರೆ ಸಾಕು, ವ್ಯಾಪಾರಿಗಳು ಧಾನ್ಯ ಬಚ್ಚಿಡುತ್ತಿದ್ದರು. ಹಾಗಾಗಿ ಹಳೆಯ ಅಂಕಿ ಕೈಗೆ ಬಂದಾಗ ಯಾರು ಬರೆದರು, ಯಾಕೆ ಬರೆದರು ಅಂತ ಮೊದಲು ಕೇಳಬೇಕು.

ನೈಲ್ ನದಿಗೂ ನಮಗೂ ಏನು ಸಂಬಂಧ ಅಂತೀರಾ? ಪೆಸಿಫಿಕ್ ಸಾಗರದ ನೀರು ಬಿಸಿಯೇರುವ ಎಲ್ ನಿನೊ ವರ್ಷಗಳಲ್ಲಿ ಇಥಿಯೋಪಿಯಾದ ಮಳೆಯೂ ನಮ್ಮ ಮುಂಗಾರೂ ಒಟ್ಟಿಗೇ ಕೈಕೊಡುವುದುಂಟು. 1877ರಲ್ಲಿ ಹಾಗೇ ಆಯಿತು. ಆ ವರ್ಷ ನೈಲ್ ನೆರೆ ತೀರಾ ಕಡಿಮೆ. ಇಲ್ಲಿ ಹಿಂದಿನ ವರ್ಷವೇ ಮಳೆ ಹೋಗಿ ಬರ ಶುರುವಾಗಿತ್ತು. ಹಳಬರು ಆ ಎರಡು ಸಂವತ್ಸರಗಳ ಹೆಸರಿನಲ್ಲಿ ಧಾತು ಈಶ್ವರದ ಬರ ಎನ್ನುತ್ತಿದ್ದದ್ದು ಇದನ್ನೇ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ ಸುಮಾರು 50 ಲಕ್ಷ ಜನರಿದ್ದರು. 1881ರಲ್ಲಿ ಎಣಿಸಿದಾಗ ಸಿಕ್ಕಿದ್ದು ಸುಮಾರು 42 ಲಕ್ಷ.